ಬೈಕು ಘಾಟಿ ಹತ್ತದಿದ್ದರೆ ತಪ್ಪು ಜೆಟ್ಟಿನದೇನಾ? ಹಳೆ ಕಾರ್ಬುರೇಟರಿನ ದೋಷ ಹುಡುಕುವ ಬಗೆ

ನಮ್ಮ ಭಾವನ ಯಮಹಾ ಆರ್‌ಎಕ್ಸ್ 100 ಬೈಕು ಒಂದು ಮಳೆಗಾಲ ಪೂರ್ತಿ ಕೊಡಗಿನ ನಾಪೋಕ್ಲು ಕಡೆಯ ತೋಟದ ಶೆಡ್ಡಿನಲ್ಲಿ ನಿಂತಿತ್ತು. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಹೊರಗೆ ತೆಗೆದರೆ ಚೋಕ್ ಹಾಕಿದಾಗ ಮಾತ್ರ ಓಡುತ್ತಿತ್ತು, ಚೋಕ್ ತೆಗೆದ ಕೂಡಲೇ ಆಫ್. ಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ ನೋಡಿ, ಪೆಟ್ರೋಲ್ ಸಾಲುತ್ತಿಲ್ಲ, ಮೇನ್ ಜೆಟ್ ದೊಡ್ಡದು ಹಾಕೋಣ ಅಂದ. ಪೆಟ್ರೋಲ್ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತಿನ ಸ್ಕ್ರೂ ಈ ಜೆಟ್. ಹಾಕಿದ. ಬೈಕು ಹೊಗೆ ಬಿಡಲು ಶುರು ಮಾಡಿತು, ಮೈಲೇಜ್ ಬಿತ್ತು, ಚೋಕ್ ಇಲ್ಲದೆ ಓಡದ ರೋಗ ಮಾತ್ರ ಹಾಗೇ ಉಳಿಯಿತು. ಕೊನೆಗೆ ಭಾವ ಬೈಕನ್ನು ನನ್ನ ಅಂಗಳದಲ್ಲಿ ತಂದು ನಿಲ್ಲಿಸಿದರು. ಬಿಚ್ಚಿ ನೋಡಿದರೆ, ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ಕೂದಲೆಳೆಯಷ್ಟು ತೂತಿನಲ್ಲಿ ಹಳದಿ ಅಂಟು. ಖರ್ಚಾಗಿದ್ದು ಅರ್ಧ ಕ್ಯಾನ್ ಕ್ಲೀನರ್, ಒಂದು ಭಾನುವಾರ.

ಆಮೇಲೆ ನೆಂಟರು, ಪಕ್ಕದ ತೋಟದವರು, ಅವರ ಮಕ್ಕಳು ಅಂತ ಸುಮಾರು ಹಳೆ ಬೈಕುಗಳು ಆ ಅಂಗಳಕ್ಕೆ ಬಂದವು. ಯೆಜ್ಡಿ, ಬುಲೆಟ್, ಸಿಡಿ 100, ಸ್ಪ್ಲೆಂಡರ್. ಜೆಟ್ ಎಷ್ಟು ದೊಡ್ಡದು ಅಂತ ಹೇಳುವ ನಂಬರ್ ನಿಜವಾಗಿ ತಪ್ಪಿದ್ದ ಬೈಕು ಒಂದೋ ಎರಡೋ, ಅವೂ ಯಾರೋ ಮೊದಲೇ ಕೈಯಾಡಿಸಿದ್ದವು. ಉಳಿದದ್ದೆಲ್ಲ ನೀರು, ಅಂಟು, ಗಾಳಿ ಸೋರಿಕೆ, ಕಟ್ಟಿಕೊಂಡ ಫಿಲ್ಟರ್. ಹಾಗಾಗಿ ಇಲ್ಲಿ ಜೆಟ್ ಬದಲಿಸುವ ಮಾತು ತೀರಾ ಕೊನೆಗೆ ಬರುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲಿನ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಯುಯಲ್ ಇಂಜೆಕ್ಷನ್. ಅವುಗಳಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಆಕ್ಸಿಲರೇಟರ್ ತಿರುಗಿಸಿದಾಗ ಸ್ಲೈಡ್, ಅಂದರೆ ಗಾಳಿ ದಾರಿಯ ಮುಚ್ಚಳ, ಮೇಲೆ ಕೆಳಗೆ ಆಡುವ ಹಳೆ ಕಾರ್ಬುರೇಟರ್ ಇರುವವರಿಗಾಗಿ ಬರೆದಿದ್ದೇನೆ.

ಸ್ಪ್ಯಾನರ್ ಹಿಡಿಯುವ ಮೊದಲು

ಬಯಲಲ್ಲಿ ಕೆಲಸ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗಿ ಎಲ್ಲೋ ಇರುವ ಬೆಂಕಿಗೆ ತಾಗುತ್ತದೆ. ನೀರು ಕಾಯಿಸುವ ಒಲೆಯ ಪಕ್ಕದ ಕೊಟ್ಟಿಗೆಯಲ್ಲಿ ಕಾರ್ಬುರೇಟರ್ ಬಿಚ್ಚುವವರನ್ನು ನಾನು ನೋಡಿದ್ದೇನೆ, ಬೇಡ. ಬೀಡಿ, ಸಿಗರೇಟು ದೂರ. ಇಂಜಿನ್ ತಣ್ಣಗಿರಲಿ. ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಲು ಬಾಯಿಂದ ಎಳೆಯಬೇಡಿ. ಕ್ಲೀನರ್ ಸ್ಪ್ರೇ ಒಂದು ತೂತಿಗೆ ಹೊಡೆದರೆ ಇನ್ನೊಂದು ತೂತಿನಿಂದ ನೇರ ಕಣ್ಣಿಗೆ ಚಿಮ್ಮುತ್ತದೆ, ಕನ್ನಡಕ ಹಾಕಿಕೊಳ್ಳಿ. ಮಳೆ ಅಂತ ಶೆಡ್ಡಿನ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ತಿರುಗಿ ಬೀಳುವವರೆಗೂ ಗೊತ್ತಾಗುವುದಿಲ್ಲ.

ನಮ್ಮ ಕಡೆಗೆ ಇನ್ನೊಂದು ಮಾತು ಸೇರಿಸಲೇಬೇಕು. ಟ್ರಯಲ್ ನೋಡುತ್ತೇನೆ ಅಂತ ಸಂಜೆ ಮೇಲೆ ಸಿದ್ದಾಪುರ, ತಿತಿಮತಿ ಕಡೆಯ ತೋಟದ ರಸ್ತೆಗೆ ಹೋಗಬೇಡಿ. ಆನೆ ಎದುರಿಗೆ ನಿಂತಾಗ ಬೈಕು ಆಫ್ ಆದರೆ ಯಾವ ಕೈಪಿಡಿಯೂ ಸಹಾಯಕ್ಕೆ ಬರುವುದಿಲ್ಲ.

ಒಳಗೆ ಏನು ನಡೆಯುತ್ತದೆ

ಕಾರ್ಬುರೇಟರಿನ ಗಾಳಿ ದಾರಿ ನಡುವೆ ಕಿರಿದಾಗಿದೆ. ಅಲ್ಲಿ ಗಾಳಿಯ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಂಥ ಕಪ್ಪಿನಲ್ಲಿ ನಿಂತಿರುವ ಪೆಟ್ರೋಲಿನ ಮೇಲೆ ಮಾತ್ರ ಹೊರಗಿನ ಗಾಳಿಯ ಒತ್ತಡ ಹಾಗೇ ಇರುತ್ತದೆ. ಈ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ಟಿನ ಮೂಲಕ ಮೇಲಕ್ಕೆ ತಳ್ಳುವುದು. ಜೆಟ್ ಅಂದರೆ ಅಳತೆ ಮಾಡಿ ತೂತು ಕೊರೆದ ಹಿತ್ತಾಳೆಯ ಸ್ಕ್ರೂ, ಅಷ್ಟೇ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಜಾಸ್ತಿಯಾದರೆ ರಿಚ್, ಗಾಳಿ ಜಾಸ್ತಿಯಾದರೆ ಲೀನ್. ರಿಚ್ ಆದರೆ ಹೊಗೆ, ಕಪ್ಪು ಪ್ಲಗ್, ಮೈಲೇಜ್ ನಷ್ಟ. ಲೀನ್ ಆದರೆ ಬಿಸಿ. ಆರ್‌ಎಕ್ಸ್ 100, ಹಳೆ ಯೆಜ್ಡಿಯಂಥ, ಪೆಟ್ರೋಲ್ ಜೊತೆಗೇ ಆಯಿಲ್ ಉರಿಯುವ ಟೂ ಸ್ಟ್ರೋಕ್ ಬೈಕಿನಲ್ಲಿ ಆ ಬಿಸಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುವವರೆಗೆ ಹೋಗಬಹುದು.

ಎಲ್ಲ ಜೆಟ್ಟುಗಳೂ ಒಂದೇ ಹೊತ್ತಿಗೆ ಕೆಲಸ ಮಾಡುವುದಿಲ್ಲ. ಆಕ್ಸಿಲರೇಟರ್ ಮುಚ್ಚಿದಲ್ಲಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಪಕ್ಕದ ಸಣ್ಣ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಅಡಿಯಲ್ಲಿ ಓರೆಯಾಗಿ ಕತ್ತರಿಸಿದ ಅಂಚು. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ತೂಗಿದ ನೀಡಲ್, ಅದು ಇಳಿಯುವ ನೀಡಲ್ ಜೆಟ್. ಮುಕ್ಕಾಲು ದಾಟಿದ ಮೇಲೆ ಮಾತ್ರ ಮೇನ್ ಜೆಟ್ಟಿನ ನಂಬರಿಗೆ ಬೆಲೆ. ಗಡಿಗಳು ಗೆರೆ ಹೊಡೆದ ಹಾಗೆ ಇಲ್ಲ, ಒಂದರ ಮೇಲೊಂದು ಹರಡಿಕೊಂಡಿವೆ, ಆದರೂ ಹುಡುಕಲು ಇಷ್ಟು ಸಾಕು. ಭಾವನ ಬೈಕಿನಲ್ಲಿ ರೋಗ ಇದ್ದದ್ದು ಮೊದಲ ಎಂಟನೇ ಒಂದರಲ್ಲಿ, ಔಷಧಿ ಹಾಕಿದ್ದು ಕೊನೆಯ ಕಾಲು ಭಾಗಕ್ಕೆ!

ಅದಕ್ಕೇ ಮೊದಲು ಹೀಗೆ ಮಾಡಿ. ಹ್ಯಾಂಡಲಿನ ರಬ್ಬರಿಗೆ ಬಿಳಿ ಟೇಪ್ ಅಂಟಿಸಿ, ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಗುರುತು ಹಾಕಿ. ಒಂದು ರೌಂಡ್ ಹೋಗಿ ಬನ್ನಿ. ತೊಂದರೆ ಯಾವ ಗುರುತಿನ ಹತ್ತಿರ ಬರುತ್ತದೆ ಅನ್ನುವುದನ್ನು ಮಾತ್ರ ನೋಡಿ. ಎಷ್ಟು ಸ್ಪೀಡ್, ಯಾವ ಗೇರ್ ಅನ್ನುವುದು ಇಲ್ಲಿ ಮುಖ್ಯವಲ್ಲ. ಐವತ್ತರಲ್ಲಿ ಜರ್ಕ್ ಹೊಡೆಯುತ್ತದೆ ಅಂದರೆ ನನಗೇನೂ ತಿಳಿಯದು, ಅರ್ಧ ಆಕ್ಸಿಲರೇಟರ್‌ನಲ್ಲಿ ಹೊಡೆಯುತ್ತದೆ ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಕಾಲು ನೋವು, ಸ್ಟಾರ್ಟ್ ಇಲ್ಲ

ಪೆಟ್ರೋಲ್ ಕಾಕ್ ಆನ್ ಇದೆಯಾ, ರಿಸರ್ವ್‌ಗೆ ತಿರುಗಿಸಬೇಕಾ ನೋಡಿ. ನಗಬೇಡಿ, ನಾನೇ ಎರಡು ಸಲ ಹೀಗೆ ಬೆವರಿದ್ದೇನೆ.

ಆಮೇಲೆ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಒದ್ದೆಯಾಗಿದ್ದರೆ ಬಂದಿದೆ ಆದರೆ ಹತ್ತಿಕೊಳ್ಳುತ್ತಿಲ್ಲ. ಒದ್ದೆಯಾಗಿದ್ದರೆ ಕಾಕ್ ಆಫ್ ಮಾಡಿ, ಪ್ಲಗ್ ಒರೆಸಿ ಒಣಗಿಸಿ ಹಾಕಿ, ಚೋಕ್ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ತೆರೆದು ಎಂಟು ಹತ್ತು ಕಿಕ್ ಕೊಡಿ. ಆಗಲೂ ಇಲ್ಲ ಅಂದರೆ ಕಿಡಿ ನೋಡಬೇಕು. ಆಗ ಪ್ಲಗ್ಗನ್ನು ಹೆಡ್ಡಿನ ಫಿನ್ನಿಗೆ ಒತ್ತಿ ಹಿಡಿಯಿರಿ, ಆದರೆ ಪ್ಲಗ್ ತೂತಿನಿಂದ ದೂರ, ಒಂದು ಬಟ್ಟೆಯಿಂದ ಆ ತೂತು ಮುಚ್ಚಿ. ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತಿರುತ್ತದೆ, ಪಕ್ಕದಲ್ಲೇ ಕಿಡಿ ಹಾರಿಸಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಕಿಡಿಯೇ ಇಲ್ಲ ಅಥವಾ ಸಣಕಲು ಹಳದಿ ಕಿಡಿ ಅಂದರೆ ಕಾರ್ಬುರೇಟರ್ ಮುಟ್ಟಲೇಬೇಡಿ, ಹೊಸ ಪ್ಲಗ್ ಹಾಕಿ ನೋಡಿ. ನಮ್ಮ ಮಂಜಿಗೆ, ತೇವಕ್ಕೆ ಪ್ಲಗ್ ಕ್ಯಾಪ್ ಒಳಗೇ ಹಸಿರು ಕಟ್ಟಿರುತ್ತದೆ.

ಪ್ಲಗ್ ಒಣಗಿದ್ದರೆ ಕಾರ್ಬುರೇಟರ್ ಕಪ್ಪಿನ ಅಡಿಯ ಡ್ರೈನ್ ಸ್ಕ್ರೂ ಬಿಚ್ಚಿ, ಬರುವುದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಪ್ಲಾಸ್ಟಿಕ್ ಲೋಟದಲ್ಲಿ ಸರಿಯಾಗಿ ಕಾಣುವುದಿಲ್ಲ. ಹತ್ತು ನಿಮಿಷ ಬಿಡಿ. ತಳದಲ್ಲಿ ಮಣಿಯ ಹಾಗೆ ಉರುಳುವುದು ಅಥವಾ ಕೆಳಗೆ ಬೇರೆ ಪದರವಾಗಿ ನಿಲ್ಲುವುದು ನೀರು.

ಕೊಡಗಿನಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಹಳೆ ಬೈಕು ಬಂದರೂ ನಾನು ಮೊದಲು ಮಾಡುವುದೇ ಈ ಬಾಟಲಿ ಪರೀಕ್ಷೆ. ಟ್ಯಾಂಕ್ ಕ್ಯಾಪಿನ ರಬ್ಬರ್ ಹೋಗಿದ್ದರೆ ಮಳೆನೀರು ನೇರ ಒಳಗೆ. ಕ್ಯಾಪ್ ಸರಿ ಇದ್ದರೂ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿ ತೇವ ಬೆವರುತ್ತದೆ. ಜೊತೆಗೆ ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಬೆರೆತು ಹೋಗುತ್ತದೆ, ಜಾಸ್ತಿಯಾದರೆ ನೀರು ಎಥನಾಲ್ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಕಾಕ್ ಎಳೆಯುವುದು ತಳದಿಂದ ತಾನೇ? ಇಂಜಿನ್‌ಗೆ ಹೋಗುವುದು ಅದೇ. ಹಾಗೆ ಬೇರ್ಪಟ್ಟ ಪೆಟ್ರೋಲನ್ನು ಅಲ್ಲಾಡಿಸಿ ಸರಿ ಮಾಡಲು ಬರುವುದಿಲ್ಲ. ಪೂರ್ತಿ ಇಳಿಸಿ ಹೊಸದು ಹಾಕಿ.

ಕಪ್ಪಿನಲ್ಲಿ ಏನೂ ಬರಲೇ ಇಲ್ಲ ಅಂದರೆ ಕಾರ್ಬುರೇಟರಿಗೆ ಬರುವ ಪೈಪ್ ಕಳಚಿ ಕಾಕ್ ತೆರೆಯಿರಿ. ಸಲೀಸಾಗಿ ಹರಿದರೆ ತೊಂದರೆ ಫ್ಲೋಟ್ ಪಿನ್ ಅಂಟಿಕೊಂಡಿರುವುದು. ತೊಟ್ಟಿಕ್ಕಿದರೆ ಟ್ಯಾಂಕ್ ಕ್ಯಾಪ್ ತೆರೆದು ನೋಡಿ. ಆಗ ಹರಿಯಿತಾ? ಕ್ಯಾಪಿನ ಗಾಳಿ ತೂತು ಕಟ್ಟಿದೆ. ಇಲ್ಲವಾದರೆ ಕಾಕ್ ಒಳಗಿನ ಜಾಲರಿ. ಹಳೆ ಯೆಜ್ಡಿಗಳ ಟ್ಯಾಂಕಿನ ತುಕ್ಕು ಅಲ್ಲಿ ಕೆಸರಿನ ಹಾಗೆ ಕೂತಿರುತ್ತದೆ.

ಬೈಕಿನ ಕೆಳಗೆ ಪೆಟ್ರೋಲ್ ಮಡುಗಟ್ಟಿದೆ

ಓವರ್‌ಫ್ಲೋ. ಕಾಕ್ ಆಫ್ ಮಾಡಿ, ಸ್ಟಾರ್ಟ್ ಮಾಡಲು ಹೋಗಬೇಡಿ.

ಕಪ್ಪಿನಲ್ಲಿ ಪೆಟ್ರೋಲ್ ಏರಿದಾಗ ಫ್ಲೋಟ್ ಎದ್ದು ಒಂದು ಪಿನ್ನನ್ನು ಒತ್ತಿ ದಾರಿ ಮುಚ್ಚುತ್ತದೆ, ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ. ಪಿನ್ ತುದಿಯಲ್ಲಿ ಒಂದು ಚೂರು ತುಕ್ಕು ಕೂತರೂ ಮುಚ್ಚುವುದಿಲ್ಲ. ಸ್ಕ್ರೂ ಡ್ರೈವರಿನ ಹಿಡಿಯಿಂದ ಕಪ್ಪಿನ ಬದಿಗೆ ಮೆಲ್ಲಗೆ ನಾಲ್ಕು ಸಲ ತಟ್ಟಿ, ಮತ್ತೆ ಕಾಕ್ ತೆರೆದು ನೋಡಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಕಪ್ ಬಿಚ್ಚಬೇಕು. ಪಿನ್ನಿನ ತುದಿಯಲ್ಲಿ ಉಂಗುರದ ಹಾಗೆ ಗೆರೆ ಬಿದ್ದಿದ್ದರೆ ಹೊಸ ಪಿನ್. ಎಥನಾಲ್ ಪೆಟ್ರೋಲಿಗೆ ಹಳೆ ರಬ್ಬರ್ ತುದಿ ಊದಿಕೊಳ್ಳುವುದೂ ಉಂಟು. ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕುಲುಕಿದರೆ ತೂತಾಗಿ ಪೆಟ್ರೋಲ್ ಕುಡಿದಿದೆ.

ಕಪ್ಪಿನಿಂದ ಹೊರಬಂದ ಗಾಳಿ ಪೈಪನ್ನೂ ಊದಿ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅದಕ್ಕಿಂತ ಒಳ್ಳೆ ಮನೆ ಸಿಗದು. ಅದು ಮುಚ್ಚಿದರೆ ಕಪ್ಪಿನ ಒಳಗಿನ ಒತ್ತಡ ಕೆಟ್ಟು, ಬೈಕು ಒಂದು ದಿನ ಹೀಗೆ ಒಂದು ದಿನ ಹಾಗೆ ಆಡುತ್ತದೆ.

ಇಲ್ಲಿ ನಿಲ್ಲಿಸಬೇಕಾದ ಸೂಚನೆ ಒಂದಿದೆ. ರಾತ್ರಿಯಿಡೀ ಓವರ್‌ಫ್ಲೋ ಆಗಿದ್ದರೆ ಪೆಟ್ರೋಲ್ ಇಂಜಿನ್ ಒಳಗೂ ಇಳಿದಿರಬಹುದು. ಫೋರ್ ಸ್ಟ್ರೋಕ್ ಆದರೆ ಆಯಿಲ್ ಕಡ್ಡಿ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಆಯಿಲ್ ಮಟ್ಟ ತಾನಾಗಿಯೇ ಏರಿದ್ದರೆ, ಆಯಿಲ್ ಬದಲಿಸುವವರೆಗೆ ಓಡಿಸಬೇಡಿ. ತೆಳ್ಳಗಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ. ಟೂ ಸ್ಟ್ರೋಕ್‌ನಲ್ಲಿ ಕಿಕ್ ಗಟ್ಟಿಯಾಗಿ ಅರ್ಧಕ್ಕೇ ನಿಂತರೆ ಬಲ ಹಾಕಬೇಡಿ, ಪ್ಲಗ್ ಬಿಚ್ಚಿ, ತೂತಿನ ಮೇಲೆ ಬಟ್ಟೆ ಇಟ್ಟು, ಕೈಯಿಂದ ಮೆಲ್ಲಗೆ ಕಿಕ್ ಇಳಿಸಿ ಪೆಟ್ರೋಲ್ ಹೊರಗೆ ಹಾಕಿ.

ಚೋಕ್ ಇದ್ದರೆ ಮಾತ್ರ ಓಡುತ್ತದೆ, ಸ್ಲೋ ನಿಲ್ಲುವುದಿಲ್ಲ

ಭಾವನ ಬೈಕಿನ ರೋಗ ಇದೇ. ಚೋಕ್ ಹೆಚ್ಚಿಗೆ ಪೆಟ್ರೋಲ್ ಕೊಡುತ್ತದೆ, ಅದರಿಂದ ಸರಿಹೋಗುತ್ತದೆ ಅಂದರೆ ಸ್ಲೋನಲ್ಲಿ, ಅಂದರೆ ಆಕ್ಸಿಲರೇಟರ್ ಬಿಟ್ಟು ಇಂಜಿನ್ ಓಡುವಾಗ, ಬೈಕು ಲೀನ್ ಇದೆ ಅಂತ ಅರ್ಥ. ಕಾರಣ ಎರಡೇ. ಪೈಲಟ್ ಜೆಟ್ ಕಟ್ಟಿಕೊಂಡಿದೆ, ಇಲ್ಲ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ.

ಕಳ್ಳಗಾಳಿ ಮೊದಲು ನೋಡಿ, ಬಿಚ್ಚುವ ಕೆಲಸ ಇಲ್ಲ. ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರನ್ನು ಬಾಗಿಸಿ ನೋಡಿ, ಸೀಳು ಇದ್ದರೆ ಕಾಣುತ್ತದೆ. ಬೋಲ್ಟ್ ಸಡಿಲವಾ? ಇಂಜಿನ್ ಓಡುತ್ತಿರುವಾಗ ಆ ಕೂಡುವ ಜಾಗಕ್ಕೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಹೊಡೆಯಿರಿ, ಶಬ್ದ ಬದಲಾದರೆ ಅಲ್ಲೇ ಸೋರಿಕೆ. ಕೆಲವರು ಇದಕ್ಕೆ ಪೆಟ್ರೋಲನ್ನೋ ಕ್ಲೀನರನ್ನೋ ಹೊಡೆಯುತ್ತಾರೆ. ಬಿಸಿ ಸೈಲೆನ್ಸರ್ ಒಂದು ಗೇಣು ದೂರದಲ್ಲಿರುವಾಗ ಆ ಧೈರ್ಯ ನನಗಿಲ್ಲ. ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಕೂಗುತ್ತಾ ನಿಂತು ನಿಧಾನಕ್ಕೆ ಇಳಿದರೆ ಅದೂ ಗಾಳಿ ಸೋರಿಕೆಯ ಗುರುತು, ಆದರೆ ಕೇಬಲ್ ಅಂಟಿಕೊಂಡಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಟೂ ಸ್ಟ್ರೋಕ್‌ನಲ್ಲಿ ಹೊರಗೆಲ್ಲ ಸರಿ ಇದ್ದೂ ಹೀಗಾದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿರಬಹುದು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ, ಇಂಜಿನ್ ಬಿಚ್ಚಬೇಕು. ಬೈಕು ಓಡಿಸದೆ ಕೊಟ್ಟುಬಿಡಿ.

ಗಾಳಿ ಸೋರಿಕೆ ಇಲ್ಲ ಅಂದರೆ ಪೈಲಟ್ ಜೆಟ್. ಬಿಚ್ಚುವ ಮೊದಲು ಪಕ್ಕದ ಸಣ್ಣ ಸ್ಕ್ರೂವನ್ನು ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಮೆಲ್ಲಗೆ ಕೂರುತ್ತದೆ ಅಂತ ಎಣಿಸಿ ಬರೆದಿಡಿ. ಮೆಲ್ಲಗೆ ಅಂದೆ, ಬಿಗಿದರೆ ತುದಿ ಮುರಿದು ತೂತಿನಲ್ಲೇ ಉಳಿಯುತ್ತದೆ. ಫೋನಿನಲ್ಲಿ ಫೋಟೋ ತೆಗೆಯುತ್ತಾ ಬಿಚ್ಚಿ. ಕಪ್ ತೆಗೆದರೆ ನಡುವೆ ಕಾಣುವ ದೊಡ್ಡದು ಮೇನ್ ಜೆಟ್, ಪಕ್ಕದ ಬಾವಿಯಂಥ ತೂತಿನ ಒಳಗೆ ಇರುವುದು ಪೈಲಟ್. ಅದರ ಗೀರಿಗೆ ಸರಿಯಾಗಿ ಕೂರುವ ಸ್ಕ್ರೂ ಡ್ರೈವರ್ ಬೇಕೇ ಬೇಕು. ಹಿತ್ತಾಳೆ ಮೆತ್ತಗೆ, ಸಣ್ಣ ಡ್ರೈವರ್ ಹಾಕಿ ತಿರುಗಿಸಿದರೆ ಗೀರು ಹಾಳಾಗಿ ಜೆಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ನಿಲ್ಲಿಸಿ. ಕ್ಲೀನರಿನಲ್ಲಿ ಒಂದು ರಾತ್ರಿ ನೆನೆಸಿ ಮತ್ತೆ ನೋಡಿ, ಆಗಲೂ ಬರದಿದ್ದರೆ ಲೇತ್ ಇರುವವರ ಕೈಗೆ ಕೊಡಿ.

ತೆಗೆದ ಜೆಟ್ಟನ್ನು ಬೆಳಕಿಗೆ ಹಿಡಿಯಿರಿ. ದುಂಡನೆಯ ಬೆಳಕಿನ ಚುಕ್ಕಿ ಕಾಣಬೇಕು. ಅರ್ಧಚಂದ್ರ ಕಂಡರೂ ಕಟ್ಟಿದೆ ಅಂತಲೇ. ಕ್ಲೀನರ್ ಹೊಡೆದು, ನೆನೆಸಿ, ಸೈಕಲ್ ಪಂಪಿನಿಂದಲೋ ಪಂಕ್ಚರ್ ಅಂಗಡಿಯ ಗಾಳಿಯಿಂದಲೋ ಊದಿ. ಕ್ಲಚ್ ಕೇಬಲಿನ ಎಳೆ, ಸೂಜಿ, ಪಿನ್ ಹಾಕಿ ಕೊರೆಯಬೇಡಿ. ತೂತು ಒಂದು ಕೂದಲಷ್ಟು ದೊಡ್ಡದಾದರೂ ನಂಬರ್ ಸುಳ್ಳಾಗುತ್ತದೆ, ಅದು ಕಣ್ಣಿಗೆ ಕಾಣುವುದೂ ಇಲ್ಲ. ಅಂಥ ಜೆಟ್ ಒಂದು ನನ್ನ ಕೈಗೆ ಸಿಕ್ಕಿ, ಮೂರು ವಾರ ನನ್ನನ್ನು ಮಂಗ ಮಾಡಿತ್ತು. ಜೆಟ್ ಮಾತ್ರ ಶುಚಿಯಾದರೆ ಸಾಲದು, ಅದು ಕೂರುವ ದಾರಿಗೂ ಊದಿ, ಸ್ಲೈಡಿನ ಮುಂದಿನ ಸೂಜಿಮೊನೆ ತೂತಿನಿಂದ ಗಾಳಿ ಬರಬೇಕು.

ಮತ್ತೆ ಜೋಡಿಸಿ, ಬೈಕು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಸ್ಲೋ ಸ್ಕ್ರೂನಿಂದ ಸ್ವಲ್ಪ ಜಾಸ್ತಿ ಸ್ಲೋ ಇಡಿ. ಸಣ್ಣ ಸ್ಕ್ರೂ ಒಂದೂವರೆ ಸುತ್ತು ಹೊರಗಿದ್ದಲ್ಲಿಂದ ಶುರು ಮಾಡಿ, ಕಾಲು ಕಾಲು ಸುತ್ತು ತಿರುಗಿಸುತ್ತಾ ಇಂಜಿನ್ ಅತಿ ಜೋರಾಗಿ, ಹದವಾಗಿ ಓಡುವ ಜಾಗ ಹುಡುಕಿ. ಪ್ರತಿ ಸಲ ಐದಾರು ಸೆಕೆಂಡ್ ಕಾಯಿರಿ. ಆಮೇಲೆ ಸ್ಲೋ ಇಳಿಸಿ. ಈ ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದು, ಒಳಗೆ ತಿರುಗಿಸಿದರೆ ರಿಚ್. ಇಂಜಿನ್ ಕಡೆಗಿದ್ದರೆ ಪೆಟ್ರೋಲಿನದು, ಹೊರಗೆ ತಿರುಗಿಸಿದರೆ ರಿಚ್. ಇದು ಅದಲು ಬದಲಾಗಿ ಎಷ್ಟು ಜನ ಸುಸ್ತಾಗಿದ್ದಾರೋ. ಮೂರು ಸುತ್ತಿನ ಹೊರಗೋ ಅರ್ಧ ಸುತ್ತಿನ ಒಳಗೋ ಹೋದರೆ ಮಾತ್ರ ಸರಿ ಬರುತ್ತದೆ ಅಂದರೆ ಜೆಟ್ ಇನ್ನೂ ಶುಚಿಯಾಗಿಲ್ಲ, ಅಥವಾ ಯಾರೋ ಬೇರೆ ನಂಬರ್ ಹಾಕಿದ್ದಾರೆ.

ಆಕ್ಸಿಲರೇಟರ್ ಕೊಟ್ಟ ಕೂಡಲೇ ಉಸಿರು ಕಟ್ಟುತ್ತದೆ, ನಡುವೆ ಜರ್ಕ್

ಒಮ್ಮೆಲೇ ತಿರುಗಿಸಿದಾಗ ಮಾತ್ರ ಕಟ್ಟುತ್ತದೆ, ನಿಧಾನಕ್ಕೆ ಕೊಟ್ಟರೆ ಸರಿ ಅಂದರೆ ಮತ್ತೆ ಪೈಲಟ್ ಕಡೆಗೇ ಹೋಗಿ. ಕಾಲಿನಿಂದ ಮುಕ್ಕಾಲಿನ ನಡುವೆ ಒಂದೇ ಸಮ ಓಡಿಸುವಾಗಲೂ ತೊಂದರೆ ಇದ್ದರೆ ನೀಡಲ್ ನೋಡಬೇಕು. ನೀಡಲಿನ ತಲೆಯ ಹತ್ತಿರ ಗೀರುಗಳಿವೆ, ಒಂದರಲ್ಲಿ ಕ್ಲಿಪ್ ಕೂತಿರುತ್ತದೆ. ಕ್ಲಿಪ್ ಒಂದು ಗೀರು ಕೆಳಕ್ಕೆ ಹಾಕಿದರೆ ನೀಡಲ್ ಮೇಲೇಳುತ್ತದೆ, ರಿಚ್. ಮೇಲಕ್ಕೆ ಹಾಕಿದರೆ ಲೀನ್. ಯಾವ ಕಡೆ ಹೋಗಬೇಕು ಅಂತ ತಿಳಿಯಲು ಅರ್ಧ ಆಕ್ಸಿಲರೇಟರ್‌ನಲ್ಲಿ ಹೋಗುತ್ತಾ ಚೋಕ್ ಸ್ವಲ್ಪ ಎಳೆಯಿರಿ. ಸುಧಾರಿಸಿದರೆ ಲೀನ್ ಇತ್ತು, ಇನ್ನೂ ಕೆಟ್ಟರೆ ರಿಚ್ ಇತ್ತು. ಒಂದು ಸಲಕ್ಕೆ ಒಂದೇ ಗೀರು.

ಎಲ್ಲ ಶುಚಿ ಮಾಡಿದರೂ ನಡುವೆ ರಿಚ್ ಆಗಿಯೇ ಇದೆ, ಬೈಕಿಗೆ ಮೂವತ್ತು ವರ್ಷ ಆಗಿದೆ ಅಂದರೆ ನೀಡಲ್ ಮತ್ತು ನೀಡಲ್ ಜೆಟ್ ಸವೆದಿರುತ್ತವೆ. ಮೇನ್ ಜೆಟ್ ಸವೆಯುವುದು ಅಪರೂಪ, ಅಲ್ಲಿ ಏನೂ ಉಜ್ಜುವುದಿಲ್ಲ. ನೀಡಲ್ ಮಾತ್ರ ದಿನವಿಡೀ ಉಜ್ಜುತ್ತಿರುತ್ತದೆ. ಎರಡನ್ನೂ ಜೋಡಿಯಾಗಿ ಬದಲಿಸಿ. ಅದಕ್ಕೂ ಮೊದಲು ಚೋಕಿನ ಪ್ಲಂಜರ್ ಪೂರ್ತಿ ಕೂರುತ್ತಿದೆಯಾ ನೋಡಿ, ಅದರ ತಳದ ರಬ್ಬರ್ ಹೋಗಿದ್ದರೆ ಚೋಕ್ ಸದಾ ಅರ್ಧ ಆನ್ ಇದ್ದ ಹಾಗೆ. ಅಗ್ಗದ ಕಾರಣ ಇರುವಾಗ ದುಬಾರಿ ಭಾಗ ತರುವುದೇಕೆ?

ಸಂಪಾಜೆ ಘಾಟಿಯಲ್ಲಿ ಎಳೆಯುವುದಿಲ್ಲ

ಮಂಗಳೂರು ಕಡೆಯಿಂದ ಮಡಿಕೇರಿಗೆ ಹತ್ತುವ ಘಾಟಿ ಅದು. ಇದು ನಮ್ಮೂರಿನ ದೊಡ್ಡ ದೂರು, ಹಾಗಾಗಿ ಸ್ವಲ್ಪ ಹೆಚ್ಚು ಬರೆಯುತ್ತೇನೆ.

ಎರಡು ಬಗೆ ಇದೆ. ಮೊದಲನೆಯದು, ಒಂದೆರಡು ಕಿಲೋಮೀಟರ್ ಚೆನ್ನಾಗಿ ಹತ್ತಿ, ಆಮೇಲೆ ಬಲ ಕಳೆದು ಆಫ್ ಆಗುತ್ತದೆ. ಬದಿಗೆ ನಿಲ್ಲಿಸಿ ಎರಡು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್, ಮತ್ತೆ ಅದೇ ಕತೆ. ಇದು ಜೆಟ್ ಅಲ್ಲವೇ ಅಲ್ಲ. ಕಪ್ಪಿಗೆ ಪೆಟ್ರೋಲ್ ತುಂಬುವುದಕ್ಕಿಂತ ಬೇಗ ಖಾಲಿಯಾಗುತ್ತಿದೆ. ಟ್ಯಾಂಕ್ ಕ್ಯಾಪ್ ಗಾಳಿ ತೂತು, ಕಾಕ್ ಜಾಲರಿ, ಪೈಪಿನ ಮಡಿಕೆ, ಮಧ್ಯೆ ಹಾಕಿದ ಪ್ಲಾಸ್ಟಿಕ್ ಫಿಲ್ಟರ್, ಈ ಸಾಲಿನಲ್ಲೇ ಸಿಗುತ್ತದೆ. ಮುಂದಿನ ಸಲ ಆಫ್ ಆದಾಗ ಕ್ಯಾಪ್ ತೆರೆಯಿರಿ, ಪುಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಕಳ್ಳ ಸಿಕ್ಕಿದ.

ಎರಡನೆಯದು, ಆಫ್ ಆಗುವುದಿಲ್ಲ, ಆದರೆ ಮೇಲೆ ಹೋದಷ್ಟೂ ಮಂಕು. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಗುಡುಗುಡು, ಹಿಂದೆ ಕಪ್ಪು ಹೊಗೆ. ಏರ್ ಫಿಲ್ಟರ್ ತೆಗೆದು ನೋಡಿ. ಮಳೆಗಾಲದಲ್ಲಿ ಫೋಮ್ ಫಿಲ್ಟರ್ ನೀರು ಕುಡಿದು ಭಾರವಾಗಿರುತ್ತದೆ, ಬೇಸಿಗೆಯಲ್ಲಿ ತೋಟದ ಕೆಂಪು ಧೂಳು, ಒಮ್ಮೆ ಇಲಿ ಗೂಡೂ ಸಿಕ್ಕಿತ್ತು. ಶುಚಿ ಮಾಡಿ, ಮತ್ತೆ ಹತ್ತಿಸಿ.

ಇನ್ನೂ ಸ್ವಲ್ಪ ಮಂಕಾಗಿದ್ದರೆ ಅದು ದೋಷವೇ ಅಲ್ಲದಿರಬಹುದು. ಮಂಗಳೂರು ಸಮುದ್ರ ಮಟ್ಟ. ಮಡಿಕೇರಿ ಸುಮಾರು 1150 ಮೀಟರ್, ತಲಕಾವೇರಿ 1276. ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳ್ಳಗಾಗುತ್ತದೆ. ಅಷ್ಟೇ ಶಕ್ತಿಯೂ ಕಡಿಮೆ. ಯಾವ ಜೆಟ್ ಹಾಕಿದರೂ ಆ ಶಕ್ತಿ ವಾಪಸ್ ಬರುವುದಿಲ್ಲ, ಇಲ್ಲದ ಗಾಳಿಯನ್ನು ಜೆಟ್ ಎಲ್ಲಿಂದ ತರುತ್ತದೆ? ಪೆಟ್ರೋಲ್ ಹರಿವು ಮಾತ್ರ ಗಾಳಿ ಕಡಿಮೆಯಾದಷ್ಟು ಕಡಿಮೆಯಾಗುವುದಿಲ್ಲ, ಅದರ ಅರ್ಧದಷ್ಟೇ ಇಳಿಯುತ್ತದೆ. ಹಾಗಾಗಿ ಮಿಶ್ರಣ ಐದು ಶೇಕಡಾದಷ್ಟು ರಿಚ್ ಆಗುತ್ತದೆ. ಕಂಪನಿ ಜೆಟ್, ಕಂಪನಿ ಫಿಲ್ಟರ್ ಇರುವ ಬೈಕು ಇಷ್ಟನ್ನು ಸುಮ್ನೆ ಸಹಿಸಿಕೊಳ್ಳುತ್ತದೆ.

ಲೆಕ್ಕದ ಪ್ರಕಾರ 100 ನಂಬರ್ ಇದ್ದಲ್ಲಿ 95 ಹಾಕಬಹುದು ಅಂತ ಯಾರಾದರೂ ಹೇಳಿದರೆ ಲೆಕ್ಕ ತಪ್ಪಲ್ಲ. ಆದರೆ ಆ ಬೈಕು ಬರೀ ಮಡಿಕೇರಿಯಲ್ಲೇ ಇರುತ್ತದಾ? ಹಬ್ಬಕ್ಕೋ ಆಸ್ಪತ್ರೆಗೋ ಅಂತ ಒಂದು ದಿನ ಘಾಟಿ ಇಳಿದು ಮಂಗಳೂರು ಹೆದ್ದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಹಿಡಿಯುತ್ತೀರಿ. ಅಲ್ಲಿ ಗಾಳಿ ದಪ್ಪ, ಜೆಟ್ ಸಣ್ಣದು, ಮಿಶ್ರಣ ಲೀನ್. ಟೂ ಸ್ಟ್ರೋಕ್ ಸೀಜ್ ಆಗುವುದು ಹೀಗೇ. ಎಥನಾಲ್ ಕೂಡ ಅದೇ ಕಡೆಗೆ ತಳ್ಳುತ್ತದೆ, ಯಾಕೆಂದರೆ ಎಥನಾಲ್ ಉರಿಯಲು ಅಷ್ಟು ಗಾಳಿ ಬೇಡ, ಅದೇ ತೂತಿನಿಂದ ಬಂದ ಪೆಟ್ರೋಲ್ ಸ್ವಲ್ಪ ಲೀನ್ ಆಗಿರುತ್ತದೆ. ಹಾಗಾಗಿ ನನ್ನ ಪ್ರಕಾರ ನೀವು ಹೋಗುವ ಅತಿ ತಗ್ಗಿನ ಊರಿಗೆ ಹೊಂದುವ ಜೆಟ್ ಇರಲಿ, ಮೇಲೆ ಬಂದಾಗ ಸ್ವಲ್ಪ ಮಂಕಾದರೆ ಆಗಲಿ. ಹೊಗೆ ಒರೆಸಬಹುದು, ಪಿಸ್ಟನ್ ಒರೆಸಲಾಗದು.

ಪ್ಲಗ್ಗಿನ ಬಣ್ಣ ನೋಡಿ ಜೆಟ್ ಬದಲಿಸುವುದಾದರೆ

ಎಲ್ಲ ನೋಡಿಯೂ ಬದಲಿಸಲೇಬೇಕು, ಯಾಕೆಂದರೆ ಸೈಲೆನ್ಸರ್ ಬೇರೆ, ಫಿಲ್ಟರ್ ಬೇರೆ, ಅಥವಾ ಸಿಕ್ಕಿದ ಡೂಪ್ಲಿಕೇಟ್ ಕಾರ್ಬುರೇಟರಿನಲ್ಲಿ ಯಾವುದೋ ನಂಬರ್ ಇದೆ. ಸರಿ. ಶುರು ಮಾಡುವುದು ಯಾವಾಗಲೂ ದೊಡ್ಡ ಮೇನ್ ಜೆಟ್ಟಿನಿಂದ, ಇಳಿಯುತ್ತಾ ಬನ್ನಿ. ರಿಚ್ ಕಡೆಯಿಂದ ಬಂದರೆ ಹೊಗೆ ಮಾತ್ರ ನಷ್ಟ. ಒಂದು ಸಲಕ್ಕೆ ಒಂದು ಹೆಜ್ಜೆ, 5 ನಂಬರಿನಷ್ಟು. ಬೇರೆ ಬೇರೆ ಕಂಪನಿಯ ಕಾರ್ಬುರೇಟರಿನ ನಂಬರುಗಳು ಒಂದೇ ಅಲ್ಲ. ಮಿಕುನಿಯ ಷಟ್ಕೋನದ ಮೇನ್ ಜೆಟ್ಟಿನ ನಂಬರ್ ಹರಿವಿನ ಲೆಕ್ಕ, ಕೀಹಿನ್‌ದು ತೂತಿನ ಅಳತೆಯ ಲೆಕ್ಕ. ಒಂದರ 100 ಇನ್ನೊಂದರಲ್ಲಿ ಹಾಕಿದರೆ 100 ಆಗುವುದಿಲ್ಲ.

ಹೊಸ ಪ್ಲಗ್ ಹಾಕಿ, ಹಗಲು ಹೊತ್ತಿನಲ್ಲಿ ಖಾಲಿ ನೇರ ರಸ್ತೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಸ್ವಲ್ಪ ದೂರ ಹೋಗಿ, ಕ್ಲಚ್ ಹಿಡಿದು ಅದೇ ಕ್ಷಣ ಇಂಜಿನ್ ಆಫ್. ಸ್ಲೋನಲ್ಲಿ ಮನೆಗೆ ಬಂದು ನೋಡಿದರೆ ಕಾಣುವುದು ಸ್ಲೋನ ಬಣ್ಣ. ಇಂಥ ನೇರ ರಸ್ತೆ ನಮ್ಮಲ್ಲಿ ಕಡಿಮೆ, ಕುಶಾಲನಗರ ದಾಟಿದ ಮೇಲೆ ಸಿಗುತ್ತದೆ. ಘಾಟಿ ತಿರುವಿನಲ್ಲಿ ಇದನ್ನು ಮಾಡಬೇಡಿ. ಕಾಫಿಗೆ ಹಾಲು ಸ್ವಲ್ಪ ಕಡಿಮೆಯಾದಂಥ ಕಂದು ಬಣ್ಣ ಸರಿ. ಮಸಿಯ ಹಾಗೆ ಒಣ ಕಪ್ಪು ರಿಚ್. ಟೂ ಸ್ಟ್ರೋಕ್‌ನಲ್ಲಿ ಎಣ್ಣೆ ಕಪ್ಪು ಅಂದರೆ ಆಯಿಲ್ ಜಾಸ್ತಿ, ಜೆಟ್ಟಿಗೆ ಸಂಬಂಧವಿಲ್ಲ. ಒಂದು ರೌಂಡಿಗೆ ಬಣ್ಣ ಪೂರ್ತಿ ಕೂರುವುದಿಲ್ಲ, ಎರಡು ಮೂರು ಸಲ ನೋಡಿ.

ಬೆಳ್ಳಗೆ ಸುಣ್ಣದ ಹಾಗೆ ಇದ್ದರೆ, ಅಥವಾ ಪಿಂಗಾಣಿಯ ಮೇಲೆ ಹೊಳೆಯುವ ಸಣ್ಣ ಲೋಹದ ಚುಕ್ಕೆಗಳಿದ್ದರೆ ಅಲ್ಲಿಗೇ ನಿಲ್ಲಿಸಿ. ಚುಕ್ಕೆ ಪಿಸ್ಟನ್ನಿನ ಅಲ್ಯೂಮಿನಿಯಂ. ಹಾಗೆಯೇ ಓಡುತ್ತಿರುವಾಗ ಕಿಣಿಕಿಣಿ ಶಬ್ದ, ಆಕ್ಸಿಲರೇಟರ್ ಕೊಟ್ಟಿದ್ದರೂ ತಾನಾಗಿ ವೇಗ ಇಳಿಯುವುದು, ಇವು ಸೀಜ್ ಆಗುವ ಮುಂಚಿನ ಸೂಚನೆ. ಕ್ಲಚ್ ಹಿಡಿದು ಬದಿಗೆ ಹೋಗಿ. ತಣ್ಣಗಾದ ಮೇಲೆ ಸ್ಟಾರ್ಟ್ ಆದರೂ ಓಡಿಸಿಕೊಂಡು ಬರಬೇಡಿ, ಜೀಪಿನಲ್ಲಿ ಹಾಕಿಕೊಂಡು ಬನ್ನಿ, ಸಿಲಿಂಡರ್ ಬಿಚ್ಚಿ ನೋಡಿಸಿ.

ಇಳಿಜಾರಿನಲ್ಲಿ ಪಟಪಟ

ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಸೈಲೆನ್ಸರಿನಲ್ಲಿ ಪಟಾಕಿ ಹೊಡೆದರೆ ಸೈಲೆನ್ಸರ್ ಬೆಂಡು ಹೆಡ್ಡಿಗೆ ಕೂಡುವ ಜಾಗದ ಗ್ಯಾಸ್ಕೆಟ್ ನೋಡಿ, ಅದು ಸರಿ ಇದ್ದರೆ ಪೈಲಟ್ ಲೀನ್. ಅಪಾಯವಿಲ್ಲ, ಕಿರಿಕಿರಿ ಅಷ್ಟೇ. ಟೂ ಸ್ಟ್ರೋಕ್‌ನವರು ಮಾತ್ರ ಉದ್ದದ ಇಳಿಜಾರಿನಲ್ಲಿ ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ. ಆಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲ್ ಜೊತೆ ಆಯಿಲ್ ಕೂಡ ಕಡಿಮೆ ಹೋಗುತ್ತದೆ, ಪಿಸ್ಟನ್ ಮಾತ್ರ ಜೋರಾಗಿ ಓಡುತ್ತಿರುತ್ತದೆ.

ಮಳೆಗಾಲಕ್ಕೆ ಬೈಕು ಒಳಗಿಡುವಾಗ

ಕಾಕ್ ಆಫ್ ಮಾಡಿ, ಡ್ರೈನ್ ಸ್ಕ್ರೂ ತೆಗೆದು ಕಪ್ ಖಾಲಿ ಮಾಡಿ. ಸುಮ್ನೆ ಓಡಿಸಿ ಆಫ್ ಆಗಲು ಬಿಟ್ಟರೆ ತಳದಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ, ಅಂಟಾಗುವುದು ಆ ಉಳಿದದ್ದೇ. ಟ್ಯಾಂಕ್ ಬಾಯಿಮಟ್ಟ ತುಂಬಿಸಿ, ಇಲ್ಲ ಪೂರ್ತಿ ಖಾಲಿ ಮಾಡಿ, ಅರ್ಧ ಬೇಡ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಬಟ್ಟೆಯ ತುದಿ ಹೊರಗೆ ಕಾಣುವ ಹಾಗೆ ಬಿಡಿ. ಭಾವ ಹೋದ ವರ್ಷ ಇದನ್ನೆಲ್ಲ ಸರಿಯಾಗಿ ಮಾಡಿ, ಮಳೆ ಬಿಟ್ಟ ಮೇಲೆ ಬಟ್ಟೆ ತೆಗೆಯಲು ಮರೆತು, ಸ್ಟಾರ್ಟ್ ಆಗುತ್ತಿಲ್ಲ, ಜೆಟ್ ನೋಡು ಬಾ ಅಂತ ನನಗೆ ಫೋನ್ ಮಾಡಿದ್ದರು.